ದೊಡ್ಡಾಕಿ ಆಗುವ ವಯಸ್ಸು

ನಿನ್ನೆ ನಮ್ಮ ಹಿತ್ತಲಾಚೆಯ ಮನೆಯಿಂದ ಹುರಿದ ಎಳ್ಳಿನ ಘಮ ಬಂತು. ಅದರ ಬೆನ್ನಿಗೇ ಆ ಮನೆಯ ಗಂಗಮ್ಮ ತಟ್ಟೆ ತುಂಬ ಚಿಗಳಿ, ಅಂದರೆ ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಉಂಡೆ, ಹಿಡಿದು ಬಂದಳು. "ನಮ್ಮ ಹುಡುಗಿ ದೊಡ್ಡಾಕಿ ಆದಳ್ರಿ ಅಕ್ಕಾರ" ಅಂದಳು. ಹುಡುಗಿ ಮೈನೆರೆದರೆ ನಮ್ಮ ಕಡೆ ಹೀಗೇ ಹೇಳುವುದು. ನಾನು ಹಗರಿಬೊಮ್ಮನಹಳ್ಳಿ ಕೋರ್ಟಿನ ವಕೀಲೆ. ಬೆಳಗಿನಿಂದ ಮಕ್ಕಳ ಮೇಲಿನ ದೌರ್ಜನ್ಯದ ಪೋಕ್ಸೊ ಕೇಸೊಂದನ್ನು ಓದಿ ಓದಿ ತಲೆ ಕೆಟ್ಟಿತ್ತು. "ಎಲ್ಲಿ ಆಗ್ಯಾಳ? ಹದಿನೆಂಟು ತುಂಬಬೇಕು!" ಎಂದು ಬಾಯಿ ಜಾರಿತು. ಗಂಗಮ್ಮ ನನ್ನನ್ನು ನೋಡಿದ ನೋಟ ನೀವು ನೋಡಬೇಕಿತ್ತು.

ನಗಬೇಡಿ. ಈ ಒಂದು ಮಾತಿನ ಎರಡು ಅರ್ಥಗಳ ನಡುವೆ ಸಿಕ್ಕಿ ನನ್ನ ಶಾಲೆಯೇ ತಪ್ಪುವುದರಲ್ಲಿತ್ತು.

ನಾನಾಗ ತಂಬ್ರಹಳ್ಳಿಯ ಅಜ್ಜಿಯ ಮನೆಯಲ್ಲಿದ್ದು ಏಳನೆಯ ತರಗತಿ ಓದುತ್ತಿದ್ದೆ. ನನ್ನನ್ನು ಕೊಟ್ಟೂರಿನ ಸೋದರತ್ತೆಯ ಮಗನಿಗೆ ಕೊಡಬೇಕೆಂದು ಅಜ್ಜಿಯ ಆಸೆ. ಇದು ಕಿವಿಗೆ ಬಿದ್ದು ನಮ್ಮ ಟೀಚರು, ಊರಿಗೆಲ್ಲ ಅಕ್ಕೋರು, ಮನೆಗೇ ಬಂದರು.

"ದೊಡ್ಡಾಕಿ ಆಗೋತನಕ ಲಗ್ನ ಮಾಡಂಗಿಲ್ಲಜ್ಜಿ, ಕಾಯ್ದೆ ಐತಿ."

"ಅಷ್ಟೂ ಬುದ್ಧಿ ನಮಗಿಲ್ಲೇನ್ರಿ?" ಎಂದು ಅಜ್ಜಿ ಧಾರಾಳವಾಗಿ ಒಪ್ಪಿದಳು. ನಾನು ಮೈನೆರೆದದ್ದೇ ತಡ, ಕಾಯ್ದೆ ಪಾಲಿಸಿದ ಸಮಾಧಾನದಲ್ಲಿ ಕೊಟ್ಟೂರಿಗೆ ಹೇಳಿಕಳಿಸಿದಳು.

ನಾನೋ, ಮೂಲೆಯಲ್ಲಿ ಕೂತು ಚಿಗಳಿ ಮುಕ್ಕುತ್ತಿದ್ದೆ. ಈ ಉಪಚಾರವೆಲ್ಲ ನನ್ನ ಮೇಲಿನ ಪ್ರೀತಿಯೆಂದೇ ತಿಳಿದಿದ್ದೆ. ಅತ್ತೆ ಬಂದು ಧಾರೆ ಸೀರೆಯ ಬಣ್ಣದ ಮಾತೆತ್ತಿದಾಗ ಕೈಯಲ್ಲಿದ್ದ ಉಂಡೆಯನ್ನು ತಿರುಗಿ ತಟ್ಟೆಗಿಟ್ಟೆ. ಇನ್ನು ಎಂಟನೆಯ ತರಗತಿ ಇಲ್ಲ ಎಂದು ಹೊಳೆದು ಬಹಳ ಹೆದರಿದೆ.

ಸುದ್ದಿ ತಿಳಿದು ಅಕ್ಕೋರು ಓಡಿ ಬಂದರು. "ನಾ ಅಂದಿದ್ದು ಹದಿನೆಂಟಜ್ಜಿ!"

"ಹದಿನೆಂಟಕ್ಕ ದೊಡ್ಡಾಕಿ ಆಗೋ ಹುಡುಗಿ ಯಾವ ಊರಾಗ ಅದಾಳ್ರಿ?"

ಅಕ್ಕೋರು ತಾಳ್ಮೆಯಿಂದ ಪಾಠ ಶುರುಮಾಡಿದರು. ಹುಡುಗಿಯ ಒಪ್ಪಿಗೆಗೂ ಕಾಯ್ದೆ ಒಂದು ವಯಸ್ಸು ಇಟ್ಟಿದೆ. ಅದಕ್ಕಿಂತ ಸಣ್ಣವಳು ಹೂಂ ಅಂದರೂ ಅದು ಒಪ್ಪಿಗೆಯಲ್ಲ. ಇಂಗ್ಲಿಷರ ಕಾಲದಲ್ಲಿ ಆ ವಯಸ್ಸು ಹತ್ತಿತ್ತು, ಆಮೇಲೆ ಹನ್ನೆರಡು, ಹದಿನಾಲ್ಕು, ಹದಿನಾರಾಗಿ, ಈಗ ಹೊಸದಾಗಿ ಹದಿನೆಂಟು. ಬೆಳೆಯುವ ಹುಡುಗಿಯ ಲಂಗದ ಅಂಚು ಬಿಚ್ಚಿದ ಹಾಗೆ ಕಾಯ್ದೆಯೂ ಸ್ವಲ್ಪ ಸ್ವಲ್ಪವೇ ಉದ್ದವಾಗಿತ್ತು.

ಅಜ್ಜಿ ಮಾತ್ರ ಹತ್ತರಲ್ಲೇ ನಿಂತುಬಿಟ್ಟಿದ್ದಳು. "ಹತ್ತು ವರ್ಷದಾಕಿ ಏನಂತ ಒಪ್ಪತಾಳ್ರಿ? ನನ್ನ ಲಗ್ನದಾಗ ನಾ ನಿದ್ದಿ ಹೋಗಿದ್ದೆ. ಎತ್ತಿ ಕುಂದ್ರಿಸಿ ತಾಳಿ ಕಟ್ಟಿಸಿದ್ರು. ನನ್ನ ಯಾರ ಕೇಳಿದ್ರು?" ಆಮೇಲೆ ನನ್ನತ್ತ ತಿರುಗಿದಳು. "ನಿನಗ ಬೇಕೇನ ಲಗ್ನ?"

ಮನೆಯಲ್ಲಿ ಎಲ್ಲರೂ ನನ್ನ ಬಗ್ಗೆ ಮಾತಾಡಿದ್ದರು. ನನ್ನನ್ನೇ ಕೇಳಿದ್ದು ಅದೇ ಮೊದಲು. "ಬ್ಯಾಡ" ಅಂದೆ.

"ಹುಡುಗಿ ಇನ್ನ ದೊಡ್ಡಾಕಿ ಆಗಿಲ್ಲವ್ವ" ಎಂದು ಅಜ್ಜಿ ಅತ್ತೆಗೆ ಹೇಳಿದಳು. ಅತ್ತೆಯ ಬಾಯಿ ತುಂಬ ಚಿಗಳಿ ಇತ್ತು, ಅದನ್ನು ನುಂಗಿ ಕೊಟ್ಟೂರಿನ ಬಸ್ಸು ಹಿಡಿದಳು.

ಇದನ್ನೆಲ್ಲ ಕೇಳಿ ಗಂಗಮ್ಮ ನಕ್ಕಳು. ನಕ್ಕು ಮುಗಿದ ಮೇಲೆ, "ಹಡಗಲಿ ಕಡಿಂದ ಒಂದು ಸಂಬಂಧ ಬಂದೈತ್ರಿ" ಎಂದು ಮೆಲ್ಲಗೆ ಅಂದಳು. ನನ್ನ ನಗು ನಿಂತಿತು. ಕಲಮು ಕಲಮಾಗಿ ಕಾಯ್ದೆ ಹೇಳಲು ಹೊರಟವಳು ಯಾಕೋ ತಡೆದುಕೊಂಡೆ.

"ಆಕಿ ಹೂಂ ಅಂದ್ರೂ ಕಾಯ್ದೆ ಬಿಡಂಗಿಲ್ಲ ಗಂಗಮ್ಮ. ಆದ್ರೂ ಒಂದು ಸಲ ಕೇಳು."

ಅವಳು ಅಲ್ಲಿಂದಲೇ ಹಿತ್ತಲಿನತ್ತ ಕೂಗಿದಳು. "ಏನಬೇ, ಲಗ್ನ ಬೇಕೇನ ನಿನಗ?"

ಆಚೆ ಮನೆಯೊಳಗಿಂದ ಮಗಳ ಉತ್ತರ ಬಂತು: "ಯವ್ವಾ, ಯೂನಿಫಾರಂ ಎಲ್ಲಿಟ್ಟೀ? ಸೋಮವಾರ ಪರೀಕ್ಷಿ ಐತಿ!"