ಅಜ್ಜಿ ಅಳೆದ ಗೋಲು

ಇವತ್ತು ಮಗಳ ಫೋನಿನಲ್ಲಿ ಭಾರತ ಫುಟ್‌ಬಾಲ್ ತಂಡದ ಇಷ್ಟೂ ವರ್ಷಗಳ ಗೆಲುವು, ಸೋಲು, ಗೋಲುಗಳ ಪಟ್ಟಿ ನೋಡುತ್ತಿದ್ದೆ. ನೋಡುತ್ತಲೇ ಮುಟ್ಟಳ್ಳಿಯ ನಮ್ಮ ಮನೆಯ ಹೊಸ ಭತ್ತದ ವಾಸನೆ ಮೂಗಿಗೆ ಬಂದಂತಾಯಿತು.

ಚಿಕ್ಕವಳಿದ್ದಾಗ ಆ ಪಂದ್ಯಗಳ ಲೆಕ್ಕವನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ನಾನು ಶಾಲೆಯಲ್ಲಿದ್ದರೆ ರೇಡಿಯೋದಲ್ಲಿ ಪಂದ್ಯದ ಸುದ್ದಿ ಕೇಳಿಡುವ ಕೆಲಸ ಅಜ್ಜಿಯದು. ಅಜ್ಜಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು.

ಒಂದು ಸಂಜೆ ಶಾಲೆಯಿಂದ ಬಂದು ಚೀಲ ಬಿಸಾಡಿ, “ಎಂತಾತು ಅಜ್ಜಿ?” ಎಂದೆ.

“ಅವರಿಗೆ ಮೂರು. ನಮಗೆ ಲಾಭ.”

ಸೋತೆವೆಂದು ಅಳು ಬಂತು. “ಸರಿಯಾಗಿ ಒಂದು ಅಂತ ಹೇಳು!” ಎಂದು ರೇಗಿದೆ.

ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿದಳು. “ಮನೆಗೆ ಬಂದ ಮೊದಲನೇದಕ್ಕೆ ಒಂದು ಅನ್ನೂದಿಲ್ಲ ಮಗಾ. ಹಾಗೇ ಬರಿ.”

ಬಿಕ್ಕುತ್ತಲೇ ಬರೆದೆ.

ಮಗಳ ಫೋನಿನಲ್ಲಿ ಆ ಪಂದ್ಯವೂ ಸಿಕ್ಕಿತು. ಸೋಲುಗಳ ಸಾಲಿನಲ್ಲಿ, 1–3 ಎಂದಿದೆ. ಅಜ್ಜಿಯ ಪುಣ್ಯ, ನನ್ನ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಹಾಗಿಲ್ಲ. ಅಲ್ಲಿ ಅವರಿಗೆ ಮೂರು, ನಮಗೆ ಲಾಭ.