ಅದಿರಿನ ಪುಡಿಯ ತುಕ್ಕು

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ಹೊಸಪೇಟೆಯಲ್ಲಿ ಹಳೆ ಕಾರುಗಳ ಪ್ರದರ್ಶನ ಮುಗಿದು ವರ್ಷವಾಯಿತು, ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ತೀರ್ಪುಗಾರರು ನಾವು ಮೂವರು. ಸಂಡೂರಿನ ಗಣಿ ಲಾರಿಗಳ ಕೆಳಗೆ ಮಲಗಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವನೆಂದು ನನ್ನನ್ನು ಕರೆದಿದ್ದರು. ನಿಯಮ ಸರಳ. ಹಳೆಯದರಂತೆಯೇ ಹೊಸದಾಗಿ ಮಾಡಿಸಿ ಹಾಕಿದ ಭಾಗಗಳಿದ್ದರೆ ಮಾಲೀಕರು ಅರ್ಜಿಯಲ್ಲಿ ಬರೆಯಬೇಕು, ಒಂದೊಂದಕ್ಕೂ ಒಂದು ಅಂಕ ಕಡಿತ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಕಾರೇ ಸ್ಪರ್ಧೆಯಿಂದ ಹೊರಗೆ.

ಕೊನೆಗೆ ಉಳಿದದ್ದು ಎರಡು ಕಾರು. ಒಂದು ಮರಿಯಮ್ಮನಹಳ್ಳಿಯ ಶಾಲಾ ಶಿಕ್ಷಕಿಯದು. ಅವರಪ್ಪ ಅದನ್ನು ಹೊಸಪೇಟೆ, ಹಂಪಿ ನಡುವೆ ಬಾಡಿಗೆಗೆ ಓಡಿಸಿದವರು. ಆಕೆ ಆರು ವರ್ಷ ತಮ್ಮ ರಜೆಯನ್ನೆಲ್ಲ ಅದರ ಮೇಲೇ ಸುರಿದಿದ್ದರು. ಬಾಗಿಲಿನ ಎರಡು ಹ್ಯಾಂಡಲ್ ಲೇತಿನಲ್ಲಿ ಮಾಡಿಸಿದ್ದು ಎಂದು ತಾವಾಗಿಯೇ ಬರೆದುಕೊಟ್ಟಿದ್ದರು. ಬರೆಯದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ, ಅಷ್ಟು ನಯದ ಕೆಲಸ.

ಇನ್ನೊಂದು ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕನದು. ಎಲ್ಲವೂ ಒರಿಜಿನಲ್ ಎಂದು ಬರೆದಿದ್ದ.

"ತಾತನ ಕಾಲದಿಂದ ಗಿರಣಿ ಶೆಡ್ನಾಗ ನಿಂತೈತ್ರಿ. ಕಂಪ್ಲಿ ಬಿಟ್ಟು ಹೊರಗ ಹೋಗಿಲ್ಲ," ಎಂದ.

ಹೆಡ್‌ಲೈಟಿನ ರಿಂಗುಗಳ ಮೇಲೆ ಹದವಾದ ತುಕ್ಕಿತ್ತು. ಹೆಬ್ಬೆರಳಿಂದ ಉಜ್ಜಿದೆ. ಬೆರಳು ಕೆಂಪಾಯಿತು, ಬಿಸಿಲಿಗೆ ಹಿಡಿದರೆ ಮಿಣಮಿಣ ಎಂದಿತು. ತುಕ್ಕು ಎಲ್ಲಾದರೂ ಮಿನುಗುತ್ತದೆಯೇ? ಅದು ಸಂಡೂರಿನ ಅದಿರಿನ ಪುಡಿ, ಎಣ್ಣೆಯಲ್ಲಿ ಕಲಸಿ ಮೆತ್ತಿದ್ದು. ನನ್ನ ಹೆಂಡತಿ ಮೂವತ್ತು ವರ್ಷ ನನ್ನ ಅಂಗಿಗಳಿಂದ ತೊಳೆದದ್ದು ಅದನ್ನೇ. ಕಂಪ್ಲಿಯ ಕರಿಮಣ್ಣು ಬಿಟ್ಟು ಕದಲದ ಕಾರಿಗೆ ಅದೆಲ್ಲಿಂದ ಬಂತು? ಉಜ್ಜಿದ ಜಾಗದಲ್ಲಿ ಹೊಚ್ಚ ಹೊಸ ಲೋಹ ಹಲ್ಲು ಕಿರಿಯುತ್ತಿತ್ತು.

ಬೆಂಗಳೂರಿನಿಂದ ಬಂದಿದ್ದ ಮುಖ್ಯ ತೀರ್ಪುಗಾರರು ಕನ್ನಡಕ ಏರಿಸಿ ರಿಂಗಿನ ಅಂಚು ನೋಡಿದರು. "ಕಂಪನಿ ಮುದ್ರೆ ಇದೆಯಲ್ಲ. ಒರಿಜಿನಲ್ಲೇ."

"ಮುದ್ರಿ ಹೊಡಿಯಾಕ ಎಷ್ಟೊತ್ತು ಬೇಕ್ರಿ? ನನ್ ಬೆರಳು ನೋಡ್ರಿ!"

"ನಿಮ್ಮ ಬೆರಳಿಗೆ ಅಂಕ ಕೊಡೋಕಾಗಲ್ಲ," ಎಂದು ನಕ್ಕರು.

ಮೂರನೆಯವರು ನಮ್ಮೂರಿನವರೇ. ನನ್ನ ಕಿವಿಯ ಹತ್ತಿರ ಬಂದು, "ಸುಮ್ಮನಿರ್ರಿ. ಶಾಮಿಯಾನ, ಊಟ ಎಲ್ಲಾ ಗಿರಣಿಯವರ್ದ ಐತಿ," ಎಂದರು.

ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ, ಕುರ್ಚಿ ಒದ್ದೆ. ಇಬ್ಬರೂ ತಣ್ಣಗೆ ಸಹಿ ಹಾಕಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಮೂವರ ಸಹಿಯೂ ಇರಬೇಕು, ಇಲ್ಲದಿದ್ದರೆ ಯಾರಿಗೂ ಬಹುಮಾನವಿಲ್ಲ, ಆ ಟೀಚರಿಗೆ ಎರಡನೆಯದೂ ತಪ್ಪುತ್ತದೆ ಎಂದರು. ಆಕೆಗೆ ಅಷ್ಟಾದರೂ ಸಿಗಲಿ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಸಹಿ ಹಾಕಿದೆ. ಅವರಿಬ್ಬರ ಮೇಲಿನ ಸಿಟ್ಟಿಗಿಂತ ಆ ಸಹಿಯ ಮೇಲಿನ ಸಿಟ್ಟೇ ನನಗೆ ಹೆಚ್ಚು.

ಬಹುಮಾನ ಕೊಟ್ಟಾದ ಮೇಲೆ ಶಿಕ್ಷಕಿ ಎರಡನೇ ಬಹುಮಾನದ ಸಣ್ಣ ಕಪ್ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಎಲ್ಲಿ ಕಮ್ಮಿ ಬಿತ್ರಿ ಸರ್?"

"ಹ್ಯಾಂಡಲ್ಲಿಗೆ ಎರಡು ಅಂಕ ಹೋತಮ್ಮ."

"ಹಂಗಾದ್ರ ಸರಿ ಬಿಡ್ರಿ. ಅವರ್ದು ಪೂರಾ ಒರಿಜಿನಲ್ ಇತ್ತಲ್ಲ," ಎಂದು ನಕ್ಕರು. "ಮೋಸ ಆಗಂಗಿಲ್ಲ, ನೀವು ಅದೀರಿ ಅಂತ ನಮ್ಮಪ್ಪಗ ಹೇಳಿ ಬಂದಿದ್ದೆ."

ನಾನು ಹೂಂ ಎಂದೆ.