ಹಲಗೆಯ ಮೇಲೆ ಸುರಿದ ಕಡಲೆಪುರಿ

ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಹೋದ ತಿಂಗಳ ಮಾತು. ನನ್ನ ಅಕ್ಕನ ಮಗನ ಪಿಕಪ್ ಗಾಡಿಯ ಹಿಂದೆ, ಲೋಡು ಹಾಕುವ ಬಾಡಿಗೆ ಹೊಡೆಸಿದ್ದ ಕರಿ ಕೋಟಿಂಗ್ ಬಿಸಿಲಿಗೆ ಬೆಳ್ಳಗಾಗಿ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ನೆಲಮಂಗಲದ ಹೈವೇ ಪಕ್ಕ ಒಂದು ಅಂಗಡಿಯಲ್ಲಿ ಅದನ್ನು ತೊಳೆದು, ಉಜ್ಜಿ, ಮೇಲೆ ಹೊಸದಾಗಿ ಸ್ಪ್ರೇ ಹೊಡೆದುಕೊಡುತ್ತಾರೆ. ನಾನೂ ಅವನೂ ಹೋಗುವಷ್ಟರಲ್ಲಿ ಗಾಡಿ ತೊಳೆದು ಒಣಗಿಸಿ ಆಗಿತ್ತು. ಪಕ್ಕದಲ್ಲಿ ಇನ್ಯಾರದೋ ಗಾಡಿಗೆ ಸ್ಪ್ರೇ ಹೊಡೆಯುತ್ತಿದ್ದರು. ಡಾಂಬರಲ್ಲ, ಆದರೆ ಡಾಂಬರಿನ ದಾಯಾದಿಯಂಥದೇ ಘಾಟು. ಮೂವತ್ತು ವರ್ಷದ ಹಿಂದಿನ ಮೇಸ್ತ್ರಿ ಕಣ್ಣ ಮುಂದೆ ಬಂದು ಕೂತರು...

ಆಗ ಅರಿಶಿನಕುಂಟೆಯ ಹತ್ತಿರ ರಸ್ತೆ ಬದಿಯ ಹುಣಸೆಮರದ ಕೆಳಗೆ ಅವರ ಜಾಗ. ಒಂದು ತಗಡಿನ ಶೆಡ್ಡು, ಡಾಂಬರು ಕಾಯಿಸುವ ಡ್ರಮ್ಮು, ತಂತಿ ಬ್ರಷ್ಷು, ಉಳಿ, ನೀರಿನ ತೊಟ್ಟಿ. ಹಳೆಯ ಲಾರಿಗಳ ಬಾಡಿಯ ಹಲಗೆಗಳನ್ನು ಕೆರೆದು, ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಮೇಲೆ ಡಾಂಬರು ಬಳಿದುಕೊಡುವುದು ಅವರ ಕೆಲಸ. ವಯಸ್ಸು ಅರವತ್ತರ ಹತ್ತಿರ. ಮಾತು ಕಡಿಮೆ, ಮೂಗು ಮಾತ್ರ ಬಲು ಚುರುಕು. ಹಲಗೆಗೆ ಮೂಗು ಹಚ್ಚಿ ಬೆಲ್ಲವೋ ಸಿಮೆಂಟೋ ಮೀನೋ ಎಂದು ಹೇಳಿಬಿಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಹಲಗೆ ತೊಳೆದು ಒಣಗಿದ ಮೇಲೆ, ಡಾಂಬರು ಬಳಿಯುವ ಮುಂಚೆ, ಬರೀ ಹಲಗೆಯ ಮೇಲೆ ಒಂದು ಸೇರು ಕಡಲೆಪುರಿ ಸುರಿಯುತ್ತಿದ್ದರು. ಎಲೆ ಇಲ್ಲ, ಪೇಪರ್ ಇಲ್ಲ. ಲಾರಿಯ ಮಾಲೀಕನನ್ನು ಎದುರಿಗೆ ಕೂರಿಸಿಕೊಂಡು, ಅವನೊಂದು ಮುಷ್ಟಿ, ಇವರೊಂದು ಮುಷ್ಟಿ ತಿನ್ನುವುದು. "ನೀನೇ ತಿನ್ನದ ಜಾಗದಲ್ಲಿ ಜನ ತಿನ್ನೋ ಅಕ್ಕಿ ಹೆಂಗಪ್ಪಾ ಹಾಕ್ತೀಯ?" ಎನ್ನುತ್ತಿದ್ದರು. ಪುರಿ ತಿಂದು ಎದ್ದ ಲಾರಿಗೆ ಅಕ್ಕಿ ಗಿರಣಿಯವರು ಕಣ್ಣುಮುಚ್ಚಿಕೊಂಡು ಲೋಡು ಕೊಡುತ್ತಿದ್ದರು. ಬೆಳೆಗೆ ಹೊಡೆಯುವ ಔಷಧಿ ಸಾಗಿಸಿದ ಲಾರಿಯನ್ನು ಮಾತ್ರ ಅವರು ತೊಳೆಯುತ್ತಿರಲಿಲ್ಲ. ಮರ ವಿಷ ಕುಡಿದರೆ ನೀರಿಗೆ ಬಿಡುವುದಿಲ್ಲ, ಹಲಗೆ ಬಿಚ್ಚಿ ಹೊಸದು ಹಾಕಲೇಬೇಕು ಎಂಬುದು ಅವರ ಹಟ.

ನನಗೆ ಆಗ ಇಪ್ಪತ್ತಾರು. ಹೊಸದಾಗಿ ಸೆಕೆಂಡ್ ಹ್ಯಾಂಡ್ ಲಾರಿ ತೆಗೆದುಕೊಂಡಿದ್ದೆ. ತ್ಯಾಮಗೊಂಡ್ಲು ಕಡೆಯ ಗಿರಣಿಯೊಂದರಿಂದ ಮಕ್ಕಳ ಹಾಸ್ಟೆಲಿಗೆ ಅಕ್ಕಿ ಸಾಗಿಸುವ ಕೆಲಸ ಸಿಗುವುದರಲ್ಲಿತ್ತು. ಗಿರಣಿಯವರು, "ಸೋಮವಾರದಿಂದ ಬಾ. ಮೇಸ್ತ್ರಿ ಹತ್ರ ಬಾಡಿ ಮಾಡಿಸ್ಕೊಂಡ್ ಬಾ" ಎಂದಿದ್ದರು. ಅದಕ್ಕೆ ಎರಡು ವಾರದ ಹಿಂದೆಯಷ್ಟೇ ನಾನು ಔಷಧಿ ಕ್ಯಾನುಗಳ ಲೋಡು ಹೊಡೆದಿದ್ದೆ. ದಾರಿಯಲ್ಲಿ ಒಂದು ಕ್ಯಾನು ಸೋರಿ ನಾಲ್ಕು ಹಲಗೆ ನೆನೆದಿದ್ದವು. ಹಲಗೆ ಬದಲಾಯಿಸುತ್ತಾ ಕೂತರೆ ಸೋಮವಾರ ಕೈತಪ್ಪುತ್ತಿತ್ತು.

ಗುರುವಾರ ಲಾರಿ ತಂದು ನಿಲ್ಲಿಸಿದೆ. ಮೇಸ್ತ್ರಿ ಹತ್ತಿ, ಮಂಡಿಯೂರಿ ಹಲಗೆಗೆ ಮೂಗು ಹಚ್ಚಿದರು.

"ಏನ್ ಲೋಡ್ ಹೊಡೀತಿದ್ದೆ?"

"ಬರೀ ಸಿಮೆಂಟು ಮೇಸ್ತ್ರಿ. ಆ ಕಲೆ ಡೀಸೆಲ್‌ದು."

ಅವರು ನನ್ನ ಮುಖ ನೋಡಿದರು. ತಂತಿ ಬ್ರಷ್ಷು ಕೈಗೆತ್ತಿಕೊಂಡರು. ಅಬ್ಬಾ, ನಂಬಿದರು ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಒಂದು ಟೀ ಕುಡಿದೆ. ಆ ಟೀ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನ ಅವರು ಕೆರೆದರು, ತೊಳೆದರು. ಒಂದೊಂದು ಸಲವೂ ನನ್ನ ಹತ್ತಿರ ಬಂದು, "ಮತ್ತೇನಾದ್ರೂ ಹೇಳೋದಿದೆಯೇನಪ್ಪಾ?" ಎಂದು ಕೇಳುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಶನಿವಾರ ಮಧ್ಯಾಹ್ನ ಪುರಿಯ ಪೊಟ್ಟಣ ತಂದರು. ಸರಿಯಾಗಿ ಆ ಕಲೆಯ ಮೇಲೆಯೇ ಸುರಿದರು.

"ಬಾ, ಕೂತ್ಕೋ. ತಿನ್ನು."

"ಇವತ್ತು ಶನಿವಾರ ಮೇಸ್ತ್ರಿ. ಒಪ್ಪೊತ್ತು."

ಅವರು ತಲೆಯಾಡಿಸಿ ಮುಷ್ಟಿ ತುಂಬಿಕೊಂಡರು. ನಿಧಾನವಾಗಿ ಎತ್ತಿದರು. ಬೇಡ ಎಂದು ಕೂಗಬೇಕು... ಒಂದೇ ಒಂದು ಮಾತು. ಆದರೆ ಒಂದು ಮುಷ್ಟಿಯಿಂದ ಏನಾಗಿಬಿಡುತ್ತದೆ, ಮೂರು ದಿನ ತೊಳೆದಿದ್ದಾರಲ್ಲ ಎಂದು ಒಳಗೇ ಲೆಕ್ಕ ಹಾಕುತ್ತಿದ್ದೆ. ಮುಷ್ಟಿ ತುಟಿಗೆ ತಾಗಿತು. ನಾನು ಸುಮ್ಮನಿದ್ದೆ.

ಅವರು ಕೈ ಕೆಳಗಿಳಿಸಿದರು. ಬೆರಳು ಬಿಡಿಸಿ ಪುರಿಯನ್ನೆಲ್ಲ ಹಲಗೆಗೇ ಉದುರಿಸಿದರು.

"ಮೊದಲ್ನೇ ದಿನಾನೇ ವಾಸನೆ ಬಂತು ಕಣಪ್ಪಾ. ಹೇಳ್ತೀಯೇನೋ ಅಂತ ಕಾದೆ. ಹೋಗ್ಲಿ, ಬಾಯಿಗಾಕ್ಕೊಳೋವಾಗಾದ್ರೂ ಕೈ ಹಿಡೀತೀಯ ಅಂದ್ಕೊಂಡಿದ್ದೆ."

ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾದದ್ದಕ್ಕಿಂತ ನಾನು ಎಂಥವನು ಎಂದು ನನಗೆ ಗೊತ್ತಾದದ್ದು ಸಿಡಿಲು ಹೊಡೆದಂತಾಗಿತ್ತು. ಅವರು ಪುರಿಯನ್ನು ಒಂದು ಕಾಳೂ ಬಿಡದೆ ಗುಡಿಸಿ, ಕೋಳಿ ಗುಬ್ಬಚ್ಚಿ ತಿನ್ನಬಾರದೆಂದು ಆಳವಾದ ಗುಂಡಿ ತೋಡಿ ಮುಚ್ಚಿದರು. ಆಮೇಲೆ ಉಳಿ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟರು. "ಹಲಗೆ ಬಿಚ್ಚು" ಎಂದರು.

ಸೋಮವಾರದ ಕೆಲಸ ಇನ್ನೊಬ್ಬರ ಪಾಲಾಯಿತು. ನಾಲ್ಕು ಹಲಗೆ ಹೋಗಿ ಹೊಸ ನಾಲ್ಕು ಬಂದವು. ಮೇಸ್ತ್ರಿ ಯಾವ ಕೆಲಸವನ್ನೂ ಅರೆಬರೆ ಮಾಡಲಿಲ್ಲ. ಮುಂದಿನ ವಾರ ಕಳೆದು ಬುಧವಾರ, ಹೊಸ ಹಲಗೆಯ ಮೇಲೆ ಪುರಿ ಸುರಿದರು. ನಾನು ಓಡಿಹೋಗಿ ಕೂತು ಗಬಗಬನೆ ಒಂದು ಮುಷ್ಟಿ ತಿಂದೆ. ಅವರು ಕೈ ಹಾಕಲಿಲ್ಲ.

"ನೀವೂ ತಿನ್ನಿ ಮೇಸ್ತ್ರಿ."

"ಇವತ್ತು ಶನಿವಾರ. ಒಪ್ಪೊತ್ತು" ಎಂದು ಎದ್ದುಹೋದರು.

ಬುಧವಾರದ ಆ ಮಧ್ಯಾಹ್ನ ಮಿಕ್ಕ ಕಡಲೆಪುರಿ ಹಲಗೆಯ ಮೇಲೇ ಉಳಿಯಿತು. ಆಮೇಲೆ ನಾನು ಆ ಹುಣಸೆಮರದ ಕಡೆ ತಲೆಹಾಕಲಿಲ್ಲ. ಕ್ಷಮೆ ಕೇಳಬೇಕೆಂದು ನೂರು ಸಲ ಅಂದುಕೊಂಡೆ, ಲಾರಿಯ ಸ್ಪೀಡು ಮಾತ್ರ ಅಲ್ಲಿಗೆ ಬಂದಾಗ ಜಾಸ್ತಿಯಾಗುತ್ತಿತ್ತು. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಶೆಡ್ಡು ಹೋಯಿತು. ಮೇಸ್ತ್ರಿ ಆವತಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ತಿಳಿದು ಕೊನೆಗೊಮ್ಮೆ ಹೋದೆ. ಅವರು ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ನಾನು ಲಾರಿಯವನೆಂದು ಕೇಳಿ ಆ ಮಗಳ ಮುಖ ಅರಳಿತು. "ಹಂಗಾದ್ರೆ ಅಪ್ಪನ ಜೊತೆ ಕೂತು ಪುರಿ ತಿಂದಿರ್ತೀರಿ ಬಿಡಣ್ಣ" ಎಂದಳು. "ಹೂಂ ಕಣಮ್ಮಾ" ಎಂದೆ. ಅದು ಆ ಮನುಷ್ಯನ ವಿಷಯದಲ್ಲಿ ನಾನು ಹೇಳಿದ ಕೊನೆಯ ಸುಳ್ಳು.

ಇದೆಲ್ಲ ನೆನಪಾಗಿ, ಸ್ಪ್ರೇ ಅಂಗಡಿಯವನನ್ನು ಕೇಳಿದೆ, "ಗಾಡೀಲಿ ಏನ್ ಲೋಡ್ ಹೊಡೆದಿದ್ರು ಅಂತ ಕೇಳಲ್ವೇನಪ್ಪಾ?"

"ಅದ್ಯಾಕ್ ಸಾರ್? ಏನಿದ್ರೂ ಕೋಟಿಂಗ್ ಕೆಳಗೆ ಮುಚ್ಚೋಗುತ್ತೆ" ಎಂದು ನಕ್ಕ.

ನಾನು ಎದುರಿನ ಅಂಗಡಿಯಿಂದ ಕಡಲೆಪುರಿ ತಂದೆ. ತೊಳೆದ ಬಾಡಿಯ ಮೇಲೆ ಸುರಿದು, ಅಕ್ಕನ ಮಗನಿಗೆ ತಿನ್ನು ಎಂದೆ. ಈ ಮುದುಕನಿಗೆ ಏನಾಯಿತು ಎನ್ನುವ ಹಾಗೆ ನೋಡಿದ. "ಬೇಡ ಮಾವ, ಈಗ್ ತಾನೆ ಟಿಫನ್ ಆಯ್ತಲ್ಲ" ಎಂದ. ಆ ದನಿ ನನಗೆ ಗೊತ್ತಿತ್ತು. ನನ್ನದೇ ದನಿ. ನಾನು ಮುಷ್ಟಿ ತುಂಬಿಕೊಂಡು ಮೆಲ್ಲಗೆ ಬಾಯಿಯ ಹತ್ತಿರ ತಂದೆ.

ಅವನು ಹಾರಿ ಬಂದು ನನ್ನ ಕೈ ಹಿಡಿದುಕೊಂಡ. "ಥೂ, ತಿನ್ಬೇಡಿ ಮಾವ! ಹೋದ್ವಾರ ದ್ರಾಕ್ಷಿ ತೋಟಕ್ಕೆ ಔಷ್ಧಿ ಕ್ಯಾನ್ ಹಾಕಿದ್ದೆ. ಒಂದು ಸೋರಿತ್ತು."

ನಾನು ಅಲ್ಲೇ ಕೂತುಬಿಟ್ಟೆ, ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮೇಸ್ತ್ರಿ ಮೂರು ದಿನ ಕಾದದ್ದು ಇಂಥ ಒಂದು ಕೈಗೆ... ಅಷ್ಟನ್ನೂ ನಾನು ಕೊಡಲಿಲ್ಲ. ಈಗ ಕೊಡೋಣವೆಂದರೆ ಅವರಿಲ್ಲ.